ಎಲ್ಲೋ ಹೋಗಿದ್ದ ಮನಸ್ಸು ಮರಳುವ ಕ್ಷಣ: ಮೈಂಡ್‌ಫುಲ್‌ನೆಸ್ ಧ್ಯಾನ, ಮಿದುಳು ಮತ್ತು 'ನಾನು'

ಧ್ಯಾನ ಶುರು ಮಾಡಿ ಬಿಟ್ಟವರನ್ನು ಒಮ್ಮೆ ಕೇಳಿ ನೋಡಿ. ಹೆಚ್ಚಿನವರದ್ದು ಒಂದೇ ಮಾತು: "ನನ್ನ ಮನಸ್ಸು ಒಂದು ಕಡೆ ನಿಲ್ಲೋದೇ ಇಲ್ಲ. ಇದು ನನಗೆ ಒಗ್ಗಲ್ಲ." ಅವರು ಹೇಳಿಕೊಟ್ಟ ಹಾಗೆಯೇ ಕೂತಿರುತ್ತಾರೆ. ಕಣ್ಣು ಮುಚ್ಚಿರುತ್ತಾರೆ, ಗಮನ ಉಸಿರಿನ ಮೇಲಿರುತ್ತದೆ. ಮೂರನೇ ಉಸಿರಿಗೆ ನಿನ್ನೆ ಯಾರೋ ಆಡಿದ ಮಾತು ನೆನಪಾಗುತ್ತದೆ. ಅದಕ್ಕೆ ಕೊಡಬೇಕಿದ್ದ ಉತ್ತರ ಈಗ ಹೊಳೆಯುತ್ತದೆ. ಅಲ್ಲಿಂದ ನಾಳೆಯ ಕೆಲಸ, ಅಲ್ಲಿಂದ ಹತ್ತು ವರ್ಷ ಹಿಂದಿನ ಯಾವುದೋ ತಪ್ಪು. ಎಷ್ಟೋ ಹೊತ್ತಾದ ಮೇಲೆ ಥಟ್ಟನೆ ಎಚ್ಚರವಾಗುತ್ತದೆ: "ಅಯ್ಯೋ, ನಾನು ಉಸಿರು ನೋಡಬೇಕಿತ್ತಲ್ವಾ!" ಅದನ್ನು ಸೋಲು ಅಂದುಕೊಂಡು ಎದ್ದುಬಿಡುತ್ತಾರೆ.

ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ "ಅಯ್ಯೋ" ಇದೆಯಲ್ಲ, ಇಡೀ ಅಭ್ಯಾಸದ ಜೀವಾಳವೇ ಅದು. ಮೈಂಡ್‌ಫುಲ್‌ನೆಸ್ ಧ್ಯಾನ ಮಿದುಳಿನಲ್ಲಿ ಏನು ಮಾಡುತ್ತದೆ, 'ನಾನು' ಎಂಬ ಭಾವವನ್ನು ಹೇಗೆ ಮುಟ್ಟುತ್ತದೆ ಎಂದು ತಿಳಿಯಬೇಕಾದರೆ ಆ ಒಂದು ಕ್ಷಣವನ್ನು ಹತ್ತಿರದಿಂದ ನೋಡಬೇಕು.

ಮೊದಲು ಪದದ ಬಗ್ಗೆ ಸ್ವಲ್ಪ. ಬೌದ್ಧರ ಪಾಲಿ ಭಾಷೆಯಲ್ಲಿ ಇದಕ್ಕೆ 'ಸತಿ' ಎನ್ನುತ್ತಾರೆ. ಸಂಸ್ಕೃತದ 'ಸ್ಮೃತಿ'ಯೇ ಅದು. ಅಂದರೆ ನೆನಪು. 1881ರಲ್ಲಿ ಟಿ. ಡಬ್ಲ್ಯೂ. ರೈಸ್ ಡೇವಿಡ್ಸ್ ಬೌದ್ಧ ಸೂತ್ರಗಳನ್ನು ಇಂಗ್ಲಿಷಿಗೆ ತರುವಾಗ ಈ ಪದಕ್ಕೆ 'ಮೈಂಡ್‌ಫುಲ್‌ನೆಸ್' ಎಂದು ಬಳಸಿದರು. ಆ ಹೆಸರೇ ಉಳಿಯಿತು. ಮೂಲದ 'ನೆನಪು' ಎಂಬ ಅರ್ಥ ಮಾತ್ರ ಬಹಳ ಜನರಿಗೆ ತಲುಪಲಿಲ್ಲ. ಈಗ ಏನು ಮಾಡುತ್ತಿದ್ದೇನೆ ಎಂಬುದನ್ನು ಮರೆಯದಿರುವುದು, ಮರೆತರೆ ಮತ್ತೆ ನೆನಪು ಮಾಡಿಕೊಳ್ಳುವುದು. ಈ ಅರ್ಥ ಹಿಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಆಸ್ಪತ್ರೆಯ ಬಾಗಿಲಿಗೆ ಇದನ್ನು ತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅವರು ಒಂದು ತರಬೇತಿ ಶುರು ಮಾಡಿದರು. ಮುಂದೆ ಅದು ಎಂಟು ವಾರಗಳ ತರಬೇತಿಯಾಗಿ ನೆಲೆನಿಂತಿತು. ದೀರ್ಘಕಾಲದ ನೋವು, ಒತ್ತಡ ಇದ್ದವರು ಅಲ್ಲಿಗೆ ಬರುತ್ತಿದ್ದರು. ವಾರಕ್ಕೊಂದು ತರಗತಿ, ಮನೆಯಲ್ಲಿ ದಿನವೂ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ. ಎಂಬಿಎಸ್‌ಆರ್ ಎಂದು ಹೆಸರಾದ ಈ ತರಬೇತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಹಾಗಾಗಿ ವಿಜ್ಞಾನಿಗಳಿಗೆ ಅಳತೆ ಮಾಡಲು ಒಂದು ಸರಿಯಾದ ವಸ್ತು ಸಿಕ್ಕಂತಾಯಿತು. ಮುಂದೆ ಹೇಳುವ ಪ್ರಯೋಗಗಳಲ್ಲಿ ಹಲವು ಈ ತರಬೇತಿ ಪಡೆದವರ ಮೇಲೆ ನಡೆದವು.

ಸುಮ್ಮನಿದ್ದಾಗ ಮಿದುಳು ಸುಮ್ಮನಿರುವುದಿಲ್ಲ

ಮಿದುಳಿನ ತೂಕ ದೇಹದ ತೂಕದ ಸುಮಾರು 2% ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು. ವಿಚಿತ್ರ ಏನೆಂದರೆ, ಕಷ್ಟದ ಲೆಕ್ಕ ಮಾಡುವಾಗಲೂ ಈ ಖರ್ಚು ಹೆಚ್ಚೇನೂ ಏರುವುದಿಲ್ಲ. ಅಂದರೆ ನಾವು "ಏನೂ ಮಾಡ್ತಿಲ್ಲ, ಸುಮ್ನೆ ಕೂತಿದ್ದೀನಿ" ಎನ್ನುವ ಹೊತ್ತಿನಲ್ಲೂ ಒಳಗೆ ಏನೋ ಜೋರಾಗಿ ನಡೆಯುತ್ತಿರುತ್ತದೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಜೊತೆಗಾರರು ಇದನ್ನು ಗಮನಿಸಿದರು. ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಏನಾದರೂ ಕೆಲಸ ಕೊಟ್ಟರೆ ಮಿದುಳಿನ ಕೆಲವು ಭಾಗಗಳ ಚಟುವಟಿಕೆ ಇಳಿಯುತ್ತಿತ್ತು. ಕೆಲಸ ಮುಗಿದ ಕೂಡಲೇ ಅದೇ ಭಾಗಗಳು ಮತ್ತೆ ಚುರುಕಾಗುತ್ತಿದ್ದವು. ಯಾವ ಕೆಲಸ ಕೊಟ್ಟರೂ ಇಳಿಯುತ್ತಿದ್ದುದು ಬಹುಪಾಲು ಅವೇ ಭಾಗಗಳು. 2001ರಲ್ಲಿ ಅವರು ಇದಕ್ಕೆ 'ಡೀಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ಬೇರೆ ಕೆಲಸ ಇಲ್ಲದಾಗ ಮಿದುಳು ತಾನಾಗಿಯೇ ಮರಳುವ ಸ್ಥಿತಿ ಎಂದರ್ಥ.

ಒಟ್ಟಿಗೇ ಏರಿಳಿಯುವ ಈ ಭಾಗಗಳದ್ದು ಒಂದು ಜಾಲ. ಅದರ ಎರಡು ಮುಖ್ಯ ಠಾಣೆಗಳನ್ನು ನೆನಪಿಟ್ಟುಕೊಂಡರೆ ಸಾಕು. ಒಂದು ಹಣೆಯ ಹಿಂದೆ, ಮಿದುಳಿನ ಎಡ ಬಲ ಭಾಗಗಳು ಎದುರುಬದುರಾಗುವ ಒಳಮೈಯಲ್ಲಿದೆ. ಇದು ಮೀಡಿಯಲ್ ಪ್ರಿಫ್ರಂಟಲ್ ಕಾರ್ಟೆಕ್ಸ್. ನಾನಿದನ್ನು ಮುಂದಿನ ಠಾಣೆ ಎನ್ನುತ್ತೇನೆ. ಇನ್ನೊಂದು ಅದೇ ಒಳಮೈಯಲ್ಲಿ ಹಿಂಭಾಗಕ್ಕಿದೆ, ಪೋಸ್ಟೀರಿಯರ್ ಸಿಂಗ್ಯುಲೇಟ್. ಇದು ಹಿಂದಿನ ಠಾಣೆ.

ಈ ಜಾಲ ಮಾಡುವ ಕೆಲಸ ಏನು? ನಮ್ಮದೇ ಹಳೆಯ ನೆನಪು ತೆಗೆಯುವುದು. ಮುಂದಾಗುವುದನ್ನು ಕಲ್ಪಿಸಿಕೊಳ್ಳುವುದು. ಬೇರೆಯವರ ತಲೆಯಲ್ಲಿ ಏನಿದೆ ಎಂದು ಊಹಿಸುವುದು. "ನಾನು ಎಂಥವನು, ಎಂಥವಳು" ಎಂದು ತೂಗಿ ನೋಡುವುದು. ಇವೆಲ್ಲ ಸೇರಿದರೆ ಒಂದು ಕಥೆಯಾಗುತ್ತದೆ, ಆ ಕಥೆಯ ಮುಖ್ಯ ಪಾತ್ರವೇ ನಾವು. ಇದು ಕೆಟ್ಟದ್ದು ಅಂತ ದಯವಿಟ್ಟು ತಿಳಿಯಬೇಡಿ. ಈ ಕಥೆಗಾರ ಇಲ್ಲದಿದ್ದರೆ ನಿನ್ನೆ ಕೊಟ್ಟ ಮಾತು ಇವತ್ತು ನೆನಪಿರುವುದಿಲ್ಲ, ನಾಳೆಗೊಂದು ಯೋಜನೆಯೂ ಇರುವುದಿಲ್ಲ.

ಕಷ್ಟ ಇರುವುದು ಅದು ಎಷ್ಟು ಹೊತ್ತು ಓಡುತ್ತದೆ ಎಂಬುದರಲ್ಲಿ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನಿಗೆ ದಿನದಲ್ಲಿ ಆಗಾಗ ಪ್ರಶ್ನೆ ಹೋಗುತ್ತಿತ್ತು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯಾ, ಬೇರೆಲ್ಲೋ ಇದೆಯಾ? ಎಷ್ಟು ಖುಷಿಯಾಗಿದ್ದೀರಿ? ಉತ್ತರಗಳಲ್ಲಿ 46.9% ಸಲ ಮನಸ್ಸು ಬೇರೆಲ್ಲೋ ಇತ್ತು. ಮನಸ್ಸು ಅಲೆಯುತ್ತಿದ್ದಾಗ ಜನರ ಖುಷಿ ಕಡಿಮೆಯಿತ್ತು. ಮಾಡುತ್ತಿದ್ದ ಕೆಲಸ ಇಷ್ಟವಿಲ್ಲದ್ದಾದರೂ ಹಾಗೇ. ಏನು ಮಾಡುತ್ತಿದ್ದಾರೆ ಎಂಬುದಕ್ಕಿಂತ ಮನಸ್ಸು ಎಲ್ಲಿದೆ ಎಂಬುದೇ ಅವರ ಖುಷಿಯ ಬಗ್ಗೆ ಜಾಸ್ತಿ ಹೇಳುತ್ತಿತ್ತು.

ಗುಂಡಿ ಒತ್ತಿದ ಕ್ಷಣ

ಈಗ ಆ "ಅಯ್ಯೋ"ಗೆ ಬರೋಣ. 2012ರಲ್ಲಿ ಎಮೊರಿ ವಿಶ್ವವಿದ್ಯಾಲಯದ ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ತಂಡ ಒಂದು ಸರಳ ಪ್ರಯೋಗ ಮಾಡಿದರು. ಅವರು ಆರಿಸಿದ್ದು 14 ಧ್ಯಾನಿಗಳನ್ನು. ಅವರೆಲ್ಲ ಮಿದುಳಿನ ಚಟುವಟಿಕೆ ಅಳೆಯುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಉಸಿರನ್ನು ಗಮನಿಸಬೇಕಿತ್ತು. ಮನಸ್ಸು ಎಲ್ಲೋ ಹೋಗಿತ್ತು ಎಂದು ಗೊತ್ತಾದ ಕೂಡಲೇ ಒಂದು ಗುಂಡಿ ಒತ್ತಬೇಕು, ಮತ್ತೆ ಉಸಿರಿಗೆ ಮರಳಬೇಕು. ಅಷ್ಟೇ.

ಗುಂಡಿ ಒತ್ತಿದ ಹೊತ್ತು ಗೊತ್ತಿದ್ದರೆ ಅದರ ಹಿಂದಿನ, ಮುಂದಿನ ಕೆಲವು ಸೆಕೆಂಡುಗಳಲ್ಲಿ ಏನಾಯಿತು ಎಂದು ಲೆಕ್ಕ ಹಾಕಬಹುದು. ಒತ್ತುವ ಮೊದಲು, ಅಂದರೆ ಮನಸ್ಸು ಅಲೆಯುತ್ತಿದ್ದಾಗ, ಡೀಫಾಲ್ಟ್ ಜಾಲ ಚುರುಕಾಗಿತ್ತು. ಎಚ್ಚರವಾದ ಹೊತ್ತಿನಲ್ಲಿ ಬೇರೆಯೇ ಒಂದು ಜಾಲ ಎದ್ದಿತ್ತು. ಇನ್ಸುಲಾ ಎಂಬ ಒಳಮಡಿಕೆಯ ಮುಂಭಾಗ ಮತ್ತು ಆಂಟೀರಿಯರ್ ಸಿಂಗ್ಯುಲೇಟ್ ಇದರ ಮುಖ್ಯ ಭಾಗಗಳು. "ಇಲ್ಲಿ ಏನೋ ಆಗ್ತಿದೆ, ನೋಡು" ಎಂದು ತಟ್ಟಿ ಎಬ್ಬಿಸುವುದೇ ಇದರ ಕೆಲಸ. ಯಾರೋ ನಿಮ್ಮ ಹೆಸರು ಹಿಡಿದು ಕರೆದಾಗಲೂ, ಕಾಲಿಗೆ ಮುಳ್ಳು ಚುಚ್ಚಿದಾಗಲೂ ಇದು ಏಳುತ್ತದೆ. ಅದಾದ ಮೇಲೆ ಗಮನವನ್ನು ತಿರುಗಿಸಿ ಉಸಿರಿನ ಮೇಲೆ ಇಡುವಾಗ ಹಣೆಯ ಪಕ್ಕದ ಮೇಲ್ಭಾಗ, ನಾವು ಬೇಕೆಂದು ಗಮನ ಕೊಡುವಾಗ ದುಡಿಯುವ ಭಾಗ, ಕೆಲಸಕ್ಕಿಳಿಯಿತು.

ಅಲೆತ, ಎಚ್ಚರ, ಮರಳುವಿಕೆ, ನಿಲುವು. ಮತ್ತೆ ಅಲೆತ. ಒಂದೇ ಸಲ ಕೂತಾಗ ಈ ಚಕ್ರ ಹತ್ತಾರು ಬಾರಿ ತಿರುಗುತ್ತದೆ. ಮನಸ್ಸು ಅಲೆಯದಿದ್ದರೆ ಎಚ್ಚರವಾಗಲು ಅವಕಾಶವೇ ಇಲ್ಲ, ಎಚ್ಚರವಾಗದಿದ್ದರೆ ಮರಳುವ ಅಭ್ಯಾಸವೂ ಇಲ್ಲ. ಭಾರ ಎತ್ತುವವರು ಎತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ಇಳಿಸಿದ್ದನ್ನು ಯಾರೂ ಸೋಲು ಎನ್ನುವುದಿಲ್ಲ, ಅಲ್ವಾ?

ವರ್ಷಗಟ್ಟಲೆ ಅಭ್ಯಾಸ ಮಾಡಿದವರಲ್ಲಿ ಈ ಚಕ್ರ ಹೇಗಿರುತ್ತದೆ? 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಡ್ಸನ್ ಬ್ರೂವರ್ ತಂಡ ಅನುಭವಿ ಧ್ಯಾನಿಗಳನ್ನು ಹೊಸಬರ ಜೊತೆ ಹೋಲಿಸಿ ನೋಡಿತು. ಅನುಭವಿಗಳಲ್ಲಿ ಮುಂದಿನ ಠಾಣೆ, ಹಿಂದಿನ ಠಾಣೆ ಎರಡರ ಸದ್ದೂ ಕಡಿಮೆಯಿತ್ತು. ಉಸಿರಿನ ಮೇಲೆ ಗಮನ, ಎಲ್ಲರಿಗೂ ಒಳಿತು ಬಯಸುವುದು, ಬಂದದ್ದನ್ನು ಬಂದ ಹಾಗೆ ನೋಡುವುದು ಎಂಬ ಮೂರು ಬಗೆಯ ಧ್ಯಾನದಲ್ಲೂ ಹೀಗೇ ಆಯಿತು. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು ಅಂಶ. ಅವರಲ್ಲಿ ಹಿಂದಿನ ಠಾಣೆಗೂ ಗಮನವನ್ನು ಆಳುವ ಭಾಗಗಳಿಗೂ ನಂಟು ಗಟ್ಟಿಯಾಗಿತ್ತು. ಧ್ಯಾನ ಮಾಡುವಾಗ ಮಾತ್ರ ಹಾಗಿದ್ದರೆ ಆಶ್ಚರ್ಯವಿರಲಿಲ್ಲ. ಸುಮ್ಮನೆ ಮಲಗಿದ್ದಾಗಲೂ ಹಾಗೇ ಇತ್ತು. ಕಥೆಗಾರ ಬಾಯಿ ತೆರೆದ ಕೂಡಲೇ ಪಕ್ಕದಲ್ಲೊಬ್ಬ ಕಾವಲುಗಾರ ಕಿವಿಗೊಡುತ್ತಿದ್ದಾನೆ ಎಂದು ಬೇಕಾದರೆ ಚಿತ್ರಿಸಿಕೊಳ್ಳಬಹುದು.

ಎರಡು 'ನಾನು'

ಈಗ ಕಷ್ಟದ ಭಾಗ. 'ನಾನು' ಎನ್ನುವುದು ಒಂದೇ ಅಲ್ಲ. ಕನಿಷ್ಠ ಎರಡಿವೆ. ಒಂದು ಕಥೆಯ ನಾನು. ಹೆಸರು, ಓದು, ಅವಮಾನ, ಹೆಮ್ಮೆ, "ನಾನು ಯಾವಾಗಲೂ ಹೀಗೇ" ಎಂಬ ತೀರ್ಪು ಎಲ್ಲ ಇದರಲ್ಲಿವೆ. ಇನ್ನೊಂದು ಈ ಕ್ಷಣದ ನಾನು. ಅಂಗಾಲಿಗೆ ನೆಲ ತಾಗುತ್ತಿದೆ, ಎದೆ ಏರುತ್ತಿದೆ, ಎಲ್ಲೋ ಒಂದು ಸದ್ದು ಕೇಳುತ್ತಿದೆ. ಇದಕ್ಕೆ ಹಿಂದೆ ಮುಂದೆ ಇಲ್ಲ. ದಿನದ ಹೆಚ್ಚಿನ ಹೊತ್ತು ಈ ಎರಡೂ ಎಷ್ಟು ಅಂಟಿಕೊಂಡಿರುತ್ತವೆ ಎಂದರೆ ಬೇರೆ ಎಂದು ಹೊಳೆಯುವುದೇ ಇಲ್ಲ. ಎದೆ ಡವಡವ ಎಂದ ಕೂಡಲೇ "ನಾನು ಹೆದರುಪುಕ್ಕಲು" ಎಂಬ ವಾಕ್ಯ ಮೂಡಿರುತ್ತದೆ.

2007ರಲ್ಲಿ ಟೊರಾಂಟೊದ ನಾರ್ಮನ್ ಫಾರ್ಬ್ ಮತ್ತು ಸಂಗಡಿಗರು ಇವೆರಡನ್ನೂ ಬಿಡಿಸಿ ನೋಡಲು ಪ್ರಯತ್ನಿಸಿದರು. ಸ್ವಭಾವವನ್ನು ಹೇಳುವ ಪದಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಕೆಲವು ಸಲ, "ಈ ಪದ ನಿಮಗೆ ಹೊಂದುತ್ತದಾ, ನಿಮ್ಮ ಬಗ್ಗೆ ಏನು ಹೇಳುತ್ತದೆ ಎಂದು ಯೋಚಿಸಿ" ಎನ್ನುತ್ತಿದ್ದರು. ಇನ್ನು ಕೆಲವು ಸಲ, "ಈ ಪದ ನೋಡಿದಾಗ ಈಗ ನಿಮ್ಮೊಳಗೆ ಏನಾಗುತ್ತಿದೆ, ಅಷ್ಟನ್ನೇ ಗಮನಿಸಿ" ಎನ್ನುತ್ತಿದ್ದರು. ಎಂಟು ವಾರದ ತರಬೇತಿ ಮುಗಿಸಿದವರು ಒಂದು ಗುಂಪು, ಇನ್ನೂ ಶುರು ಮಾಡದವರು ಇನ್ನೊಂದು ಗುಂಪು.

ತರಬೇತಿ ಇಲ್ಲದವರಿಗೆ ಎರಡನೇ ಕೆಲಸ ಕೊಟ್ಟಾಗಲೂ ಮುಂದಿನ ಠಾಣೆ ಅಷ್ಟಾಗಿ ತಣ್ಣಗಾಗಲಿಲ್ಲ. ತರಬೇತಿ ಪಡೆದವರಲ್ಲಿ ಅದು ಚೆನ್ನಾಗಿ ತಗ್ಗಿತು. ಅದರ ಬದಲು ಬಲಬದಿಯ ಇನ್ಸುಲಾ ಮತ್ತು ದೇಹದ ಸಂವೇದನೆಯನ್ನು ಹಿಡಿಯುವ ಭಾಗಗಳು ಎದ್ದವು. ಮುಖ್ಯ ಸಂಗತಿ ಇನ್ನೂ ಇದೆ. ತರಬೇತಿ ಇಲ್ಲದವರಲ್ಲಿ ಇನ್ಸುಲಾ ಮತ್ತು ಮುಂದಿನ ಠಾಣೆ ಜೋಡೆತ್ತಿನಂತೆ ಒಟ್ಟಿಗೇ ನಡೆಯುತ್ತಿದ್ದವು. ದೇಹದಲ್ಲಿ ಏನೋ ಆಯಿತು ಎಂದರೆ ಜೊತೆಗೇ ಕಥೆಯೂ ಹೊರಡುತ್ತಿತ್ತು. ತರಬೇತಿ ಪಡೆದವರಲ್ಲಿ ಆ ಜೋಡಿ ಬಿಚ್ಚಿಕೊಂಡಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮಾತಿನ ರೀತಿ. ಕನ್ನಡದಲ್ಲಿ ನಾವು "ನನಗೆ ಸಿಟ್ಟು ಬಂತು" ಎನ್ನುತ್ತೇವೆ. "ನನಗೆ ಭಯವಾಯಿತು", "ನನಗೆ ನೆನಪಾಯಿತು", "ನನಗೆ ಬೇಜಾರಾಗುತ್ತಿದೆ". ಈ ವಾಕ್ಯಗಳಲ್ಲಿ ಬರುವುದು ಸಿಟ್ಟು, ಆಗುವುದು ಭಯ. ನಾನು ಕರ್ತೃ ಅಲ್ಲ, ಬಂದದ್ದು ತಲುಪುವ ಜಾಗ. "ನಾನು ಸಿಟ್ಟಿನವನು" ಎಂದರೆ ಅದು ಬೇರೆ ವಾಕ್ಯ, ಅಲ್ಲಿ ಸಿಟ್ಟೇ ನಾನಾಗಿಬಿಡುತ್ತೇನೆ. ಎಂಟು ವಾರ ಕೂತು ಕಲಿಯುವುದರಲ್ಲಿ ದೊಡ್ಡ ಪಾಲು ಈ ಎರಡು ವಾಕ್ಯಗಳ ನಡುವಿನ ಅಂತರವೇ. ಮೊದಲನೆಯ ವಾಕ್ಯವನ್ನು ನಾವು ದಿನವೂ ಬಾಯಲ್ಲಿ ಹೇಳುತ್ತೇವೆ. ಸಿಟ್ಟು ಬಂದ ಹೊತ್ತಿನಲ್ಲಿ ಅದು ಅನುಭವಕ್ಕೆ ಬರಬೇಕು.

ಖಿನ್ನತೆಯಲ್ಲಿ ಈ ಅಂತರ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಚಿಕಿತ್ಸಕರು ಕಂಡುಕೊಂಡಿದ್ದಾರೆ. "ನಾನು ಕೆಲಸಕ್ಕೆ ಬಾರದವನು" ಎಂಬ ಯೋಚನೆ ಬಂದಾಗ ಅದನ್ನು ಸತ್ಯ ಎಂದು ನಂಬಿ ಅದರ ಹಿಂದೆ ಹೋದರೆ ಇಳಿಜಾರು. "ಹಾಗೊಂದು ಯೋಚನೆ ಬಂತು" ಎಂದು ಕಾಣಿಸಿದರೆ ನಿಲ್ಲಲು ಒಂದು ಮೆಟ್ಟಿಲು ಸಿಗುತ್ತದೆ. ಜಿಂಡೆಲ್ ಸೆಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಇದರ ಮೇಲೆಯೇ ಎಂಬಿಸಿಟಿ ಎಂಬ ಚಿಕಿತ್ಸೆ ಕಟ್ಟಿದರು. 2015ರಲ್ಲಿ ಬ್ರಿಟನ್ನಿನಲ್ಲಿ, ಮತ್ತೆ ಮತ್ತೆ ಖಿನ್ನತೆಗೆ ಬೀಳುತ್ತಿದ್ದ 424 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಎರಡು ವರ್ಷಗಳಲ್ಲಿ ಖಿನ್ನತೆ ಮರುಕಳಿಸಿದ್ದು ಈ ಚಿಕಿತ್ಸೆ ಪಡೆದವರಲ್ಲಿ 44%, ಮಾತ್ರೆ ಮುಂದುವರಿಸಿದವರಲ್ಲಿ 47%. ಮಾತ್ರೆಗಿಂತ ಮೇಲು ಎನ್ನಲು ಇದು ಸಾಲದು. ಹೆಚ್ಚುಕಡಿಮೆ ಸರಿಸಮ ಎನ್ನಬಹುದು. (ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ಆ ಪ್ರಯೋಗದಲ್ಲೂ ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸಿದ್ದರು.)

ನೋವು ಮತ್ತು ನೋವಿನ ಕಥೆ

ಎರಡು ನಾನುಗಳ ಮಾತು ಕೇವಲ ತತ್ವ ಅನಿಸಿದರೆ ನೋವನ್ನು ನೋಡಿ. ಬುದ್ಧ ಎರಡು ಬಾಣಗಳ ದೃಷ್ಟಾಂತ ಕೊಟ್ಟಿದ್ದಾನೆ. ದೇಹಕ್ಕೆ ತಾಗಿದ ನೋವು ಮೊದಲ ಬಾಣ. ಅದಕ್ಕಾಗಿ ಗೋಳಾಡುವುದು, ಹಲುಬುವುದು ಎರಡನೇ ಬಾಣ.

2011ರಲ್ಲಿ ಫಾಡೆಲ್ ಜೈದಾನ್ ಮತ್ತು ಸಂಗಡಿಗರು 15 ಜನರ ಕಾಲಿಗೆ 49 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿ ಅಳೆದರು. ಅವರಿಗೆ ಕೊಟ್ಟಿದ್ದ ತರಬೇತಿ ನಾಲ್ಕು ದಿನ, ದಿನಕ್ಕೆ 20 ನಿಮಿಷ. ಧ್ಯಾನ ಮಾಡುವಾಗ ನೋವಿನ ತೀವ್ರತೆ 40% ತಗ್ಗಿತು. ಆದರೆ ಅದರ ಅಹಿತ, ಅಂದರೆ "ಇದು ನನಗೆ ಬೇಡವೇ ಬೇಡ" ಅನಿಸುವ ಭಾವ, 57% ತಗ್ಗಿತು. ಚಿಕ್ಕ ಪ್ರಯೋಗ ನಿಜ. ಆದರೂ ಎರಡನೇ ಬಾಣವೇ ಹೆಚ್ಚು ಮೊಂಡಾಗಿದ್ದು ಗಮನಿಸುವಂಥದ್ದು. ಮುಂದೆ ಅದೇ ತಂಡ ಮಿದುಳಿನ ಸ್ವಂತ ನೋವುಶಾಮಕಗಳನ್ನು ತಡೆಯುವ ನಲೋಕ್ಸೋನ್ ಔಷಧ ಕೊಟ್ಟು ನೋಡಿತು. ಆಗಲೂ ಧ್ಯಾನದ ಪರಿಣಾಮ ಕುಗ್ಗಲಿಲ್ಲ. ಅಂದರೆ ಇದು ಆ ದಾರಿ ಹಿಡಿದು ನಡೆಯುವ ಕೆಲಸವಲ್ಲ.

ಝೆನ್ ಎಂಬ ಬೌದ್ಧ ಪಂಥದ ಧ್ಯಾನದಲ್ಲಿ ಪಳಗಿದವರಲ್ಲಿ ಕಂಡದ್ದು ಇನ್ನೂ ಸ್ಪಷ್ಟ. ಮಾಂಟ್ರಿಯಲ್‌ನ ಜೋಶುವಾ ಗ್ರಾಂಟ್ ತಂಡ 2011ರಲ್ಲಿ ಹೇಳಿದ್ದು ಹೀಗೆ: ಅವರ ಮಿದುಳಿನಲ್ಲಿ ನೋವನ್ನು ಗ್ರಹಿಸುವ ಭಾಗಗಳು ಬೇರೆಯವರಿಗಿಂತ ಹೆಚ್ಚು ಎದ್ದಿದ್ದವು. ಅದನ್ನು ತೂಗಿ ಅರ್ಥ ಕಟ್ಟುವ ಭಾಗಗಳು ತಣ್ಣಗಿದ್ದವು. ಎರಡರ ನಡುವಿನ ನಂಟೂ ಸಡಿಲವಾಗಿತ್ತು. ಅವರು ನೋವಿನಿಂದ ಓಡಿಹೋಗುತ್ತಿರಲಿಲ್ಲ. ಅದನ್ನು ಪೂರ್ತಿಯಾಗಿ ಪಡೆಯುತ್ತಿದ್ದರು, ಕಥೆ ಮಾತ್ರ ಕಟ್ಟುತ್ತಿರಲಿಲ್ಲ. ಫಾರ್ಬ್ ಅವರ ಪ್ರಯೋಗದಲ್ಲಿ ಕಂಡ ಬಿಚ್ಚಿಕೊಂಡ ಜೋಡಿ ಇಲ್ಲಿ ಮತ್ತೆ ಕಾಣುತ್ತದೆ.

"ಎಂಟು ವಾರದಲ್ಲಿ ಮಿದುಳು ಬೆಳೆಯುತ್ತದೆ" ಎಂಬ ಮಾತು

ಇದನ್ನು ನೀವು ಕೇಳಿಯೇ ಇರುತ್ತೀರಿ. ಈ ಮಾತು ಎಲ್ಲಿಂದ ಬಂತು, ಎಷ್ಟು ನಿಂತಿದೆ ಎಂದು ಬಿಡಿಸಿ ಹೇಳುವುದು ಅಗತ್ಯ ಅನಿಸುತ್ತದೆ. ಏಕೆಂದರೆ ಧ್ಯಾನದ ಪರವಾಗಿ ಹೆಚ್ಚು ಬಳಕೆಯಾಗುವ ಮಾತು ಇದೇ, ಗಟ್ಟಿ ನೆಲ ಇಲ್ಲದ ಮಾತೂ ಇದೇ.

2005ರಲ್ಲಿ ಸಾರಾ ಲಜಾರ್ ಎಂಬ ವಿಜ್ಞಾನಿ 20 ಜನ ಧ್ಯಾನಿಗಳ ಮಿದುಳನ್ನು ಧ್ಯಾನ ಮಾಡದವರ ಮಿದುಳಿನ ಜೊತೆ ಹೋಲಿಸಿದರು. ಧ್ಯಾನಿಗಳಲ್ಲಿ ಇನ್ಸುಲಾ ಮತ್ತು ಹಣೆಯ ಹಿಂದಿನ ಕೆಲವು ಭಾಗಗಳ ಹೊರಪದರ ದಪ್ಪವಾಗಿತ್ತು. ಆಸೆ ಹುಟ್ಟಿಸುವ ಸುದ್ದಿ. ಆದರೆ ಅದು ಒಂದೇ ಹೊತ್ತಿನ ಚಿತ್ರ. ಧ್ಯಾನದಿಂದ ದಪ್ಪವಾಯಿತೋ, ಅಥವಾ ಹುಟ್ಟಿನಿಂದಲೇ ಅಂಥ ಮಿದುಳಿದ್ದವರು ಧ್ಯಾನದ ಕಡೆ ವಾಲಿದರೋ ಎಂದು ಅದರಿಂದ ತಿಳಿಯುವುದಿಲ್ಲ.

2011ರಲ್ಲಿ ಬ್ರಿಟಾ ಹೋಲ್ಜೆಲ್ ಒಂದು ಹೆಜ್ಜೆ ಮುಂದೆ ಹೋದರು. ಎಂಟು ವಾರದ ತರಬೇತಿಗೆ ಮೊದಲು ಮತ್ತು ಆಮೇಲೆ ಎರಡು ಸಲ ಅಳೆದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಮತ್ತೆ ಹಿಂದಿನ ಠಾಣೆಯಂಥ ಕೆಲವು ಕಡೆ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಭಾಗ, ಹೆಚ್ಚಿತ್ತು. ಆದರೆ ತರಬೇತಿ ಪಡೆದವರು 16 ಜನ ಮಾತ್ರ. ಯಾರಿಗೆ ತರಬೇತಿ, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿ ಹಂಚಿರಲಿಲ್ಲ. ಬಂದವರು ತಾವಾಗಿ ಬಂದವರು. ಈ ಎಚ್ಚರಿಕೆಗಳು ಸುದ್ದಿಯ ಜೊತೆ ಪ್ರಯಾಣ ಮಾಡಲಿಲ್ಲ.

ನಂತರ ಬಂದದ್ದು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಅಧ್ಯಯನ. ಮುಂದಾಳು ಟ್ಯಾಮಿ ಕ್ರಾಲ್, ಜೊತೆಗೆ ದಶಕಗಳಿಂದ ಧ್ಯಾನದ ಸಂಶೋಧನೆ ಮಾಡಿಕೊಂಡು ಬಂದ ರಿಚರ್ಡ್ ಡೇವಿಡ್ಸನ್. ಅವರು ಧ್ಯಾನದ ವಿರೋಧಿಗಳಲ್ಲ. 200ಕ್ಕೂ ಹೆಚ್ಚು ಜನರನ್ನು ಲಾಟರಿಯಂತೆ ಗುಂಪುಗಳಿಗೆ ಹಂಚಿದರು. ಕೆಲವರಿಗೆ ಎಂಬಿಎಸ್‌ಆರ್, ಕೆಲವರಿಗೆ ಅಷ್ಟೇ ಹೊತ್ತಿನ ಬೇರೆ ಆರೋಗ್ಯ ತರಬೇತಿ, ಕೆಲವರಿಗೆ ಬರೀ ಕಾಯುವ ಪಟ್ಟಿ. 2022ರಲ್ಲಿ ಅವರು ಪ್ರಕಟಿಸಿದ ಉತ್ತರ: ಎಂಟು ವಾರದ ತರಬೇತಿಯಿಂದ ಮಿದುಳಿನ ರಚನೆಯಲ್ಲಿ ಬದಲಾವಣೆ ಕಾಣಲಿಲ್ಲ.

ಇದರಿಂದ ನನಗೆ ಬೇಸರವಾಗಿಲ್ಲ. ಬದಲಾವಣೆ ಆಗುವುದೇ ಇಲ್ಲ ಎಂದು ಇದರರ್ಥವಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರಾಗಲು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ಎಲೀನರ್ ಮ್ಯಾಗ್ವೈರ್ ಅವರ ತಂಡ ಆ ಕಲಿಕೆಯ ಮೊದಲು ಮತ್ತು ಕೊನೆಗೆ ಅಳೆದಾಗ, ಪರೀಕ್ಷೆ ಪಾಸಾದವರ ಹಿಪೊಕ್ಯಾಂಪಸ್‌ನ ಹಿಂಭಾಗ ಬೆಳೆದಿತ್ತು. ಅದಕ್ಕೆ ಮೂರು ನಾಲ್ಕು ವರ್ಷಗಳ ದುಡಿಮೆ ಬೇಕಾಯಿತು. ಎಂಟು ವಾರ ಅಂದರೆ ಏನು ಮಹಾ? ರಚನೆ ಬದಲಾಗುವ ಮೊದಲು ಬಳಕೆ ಬದಲಾಗುತ್ತದೆ. ಅವೇ ಭಾಗಗಳು, ಬೇರೆ ನಂಟು, ಬೇರೆ ಹೊತ್ತಿನಲ್ಲಿ ಎಚ್ಚರ.

ಪರಿಣಾಮದ ಅಳತೆಯೂ ಹಾಗೇ ಮಧ್ಯಮವಾಗಿದೆ. 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಸಾಧಾರಣ ಮಟ್ಟದ ಒಳಿತು ಕಂಡಿತು. 2022ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಆತಂಕದ ಕಾಯಿಲೆ ಇದ್ದವರಿಗೆ ಎಂಬಿಎಸ್‌ಆರ್ ತರಬೇತಿ ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆಗಿಂತ ಕಡಿಮೆಯೇನೂ ಆಗಲಿಲ್ಲ. ಆದರೆ ಅದೇ ವರ್ಷ ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ತರಗತಿಯಲ್ಲಿ ಎಲ್ಲರಿಗೂ ಕಲಿಸಿದ ಧ್ಯಾನದಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಆಗಲಿಲ್ಲ. ಬೇಕೆಂದು ಕೂತವರಿಗೂ ಕೂರಿಸಲ್ಪಟ್ಟವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ನನ್ನ ಅನಿಸಿಕೆ.

ಗೆರೆ ಅಳಿಸಿದಾಗ

ಬಹಳ ಮುಂದೆ ಹೋದ ಸಾಧಕರು ಇನ್ನೊಂದು ಮಾತು ಹೇಳುತ್ತಾರೆ. ಕಥೆಯ ನಾನು ಸುಮ್ಮನಾಗುವುದಷ್ಟೇ ಅಲ್ಲ, "ಇಲ್ಲಿ ನನ್ನ ದೇಹ ಮುಗಿಯುತ್ತದೆ, ಅಲ್ಲಿಂದ ಹೊರಗಿನ ಲೋಕ" ಎಂಬ ಗೆರೆಯೂ ತೆಳುವಾಗುತ್ತದಂತೆ. ಇಸ್ರೇಲಿನ ಸಂಶೋಧಕರಾದ ಯೇರ್ ಡೋರ್-ಜಿಡರ್‌ಮನ್, ಅವಿವಾ ಬರ್ಕೊವಿಚ್-ಒಹಾನಾ ಮುಂತಾದವರು 2013ರಲ್ಲಿ ಅಂಥ ಹಿರಿಯ ಧ್ಯಾನಿಗಳ ಮಿದುಳಿನ ಕಾಂತೀಯ ಸಂಕೇತಗಳನ್ನು ದಾಖಲಿಸಿದರು. 'ನಾನಿಲ್ಲ' ಎಂಬ ಸ್ಥಿತಿಗೆ ಹೋದಾಗ ಬಲಬದಿಯ ಪರೈಟಲ್ ಭಾಗದ ಕೆಳಗಿನ ಪ್ರದೇಶದಲ್ಲಿ ಬದಲಾವಣೆ ಕಂಡಿತು. ದೇಹ ಎಲ್ಲಿದೆ, ಎಷ್ಟಿದೆ ಎಂಬ ನಕ್ಷೆಗೆ ಬೇಕಾದ ಜಾಗ ಅದು. ಪಾರ್ಶ್ವವಾಯುವಿನಿಂದ ಅಲ್ಲಿ ಪೆಟ್ಟಾದ ಕೆಲವರು ತಮ್ಮ ಎಡಗೈ ಎಡಗಾಲಿನ ಕಡೆ ಗಮನವನ್ನೇ ಕೊಡುವುದಿಲ್ಲ.

ಇದರಿಂದ "ನಾನು ಎಂಬುದು ಸುಳ್ಳು ಎಂದು ವಿಜ್ಞಾನ ಸಾಬೀತು ಮಾಡಿತು" ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಸ್ಕ್ಯಾನರ್ ತೋರಿಸುವುದು ಒಂದೇ: ಗಟ್ಟಿ ಕಲ್ಲಿನಂತೆ ಅನಿಸುವ 'ನಾನು' ಹಲವು ಕೆಲಸಗಳು ಒಟ್ಟಿಗೆ ನಡೆಯುವುದರಿಂದ ಮೂಡುತ್ತದೆ. ಅದರಲ್ಲಿ ಕೆಲವನ್ನು ಅಭ್ಯಾಸದಿಂದ ಸಡಿಲಿಸಬಹುದು. ಆತ್ಮ ಇದೆಯೋ ಇಲ್ಲವೋ ಎಂಬ ಹಳೆಯ ಜಗಳ ಆ ಯಂತ್ರದಲ್ಲಿ ತೀರುವಂಥದ್ದಲ್ಲ.

ಈ ಸಡಿಲಿಕೆ ಎಲ್ಲರಿಗೂ ಹಿತವಾಗಿರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಬ್ರೌನ್ ವಿಶ್ವವಿದ್ಯಾಲಯದ ಜೇರ್ಡ್ ಲಿಂಡಾಲ್, ವಿಲೊಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಧ್ಯಾನಿಗಳ ಕಷ್ಟದ ಅನುಭವಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ತೀವ್ರ ಭಯ, ನಿದ್ದೆ ಇಲ್ಲದಿರುವುದು, ಹಳೆಯ ಆಘಾತ ಮರುಕಳಿಸುವುದು, ತನ್ನ ದೇಹವೇ ತನ್ನದಲ್ಲ ಅನಿಸುವುದು ಎಲ್ಲ ಅದರಲ್ಲಿವೆ. ಒಬ್ಬರಿಗೆ ಬಿಡುಗಡೆ ಅನಿಸಿದ 'ನಾನಿಲ್ಲ' ಇನ್ನೊಬ್ಬರಿಗೆ ಕಾಲಡಿಯ ನೆಲ ಕುಸಿದ ಹಾಗಿರುತ್ತದೆ. ಹಿಂದೆ ದೊಡ್ಡ ಆಘಾತ ಕಂಡವರು, ಭ್ರಮೆಯ ಕಾಯಿಲೆ ಇದ್ದವರು ದಿನಗಟ್ಟಲೆ ಮೌನ ಶಿಬಿರಕ್ಕೆ ಒಬ್ಬರೇ ಹೋಗಿ ಕೂರುವುದು ಬೇಡ. ಕೂತಾಗ ಭಯ ಏರುತ್ತಾ ಹೋದರೆ ಕಣ್ಣು ತೆರೆಯಿರಿ, ಎದ್ದು ನಡೆಯಿರಿ, ಬಲ್ಲವರ ಹತ್ತಿರ ಮಾತಾಡಿ. "ಇನ್ನೂ ಜಾಸ್ತಿ ಕೂತರೆ ಸರಿಹೋಗುತ್ತದೆ" ಎಂಬ ಸಲಹೆಯನ್ನು ಎಲ್ಲ ಸಲ ನಂಬಬೇಡಿ.

ಕೂರುವುದಾದರೆ

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ. ಹತ್ತು ನಿಮಿಷ ಸಾಕು. ಉಸಿರನ್ನು ಎಲ್ಲಿ ಸುಲಭವಾಗಿ ತಿಳಿಯುತ್ತದೋ ಅಲ್ಲಿ ಗಮನಿಸಿ, ಮೂಗಿನ ತುದಿಯೋ ಹೊಟ್ಟೆಯೋ. ಎಷ್ಟು ಹೊತ್ತು ಮನಸ್ಸು ನಿಂತಿತು ಎಂದು ಲೆಕ್ಕ ಇಡಬೇಡಿ. ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ಬೇಕಾದರೆ ಬೆರಳು ಮಡಚಿ ಎಣಿಸಿ.

ಎಚ್ಚರವಾದಾಗ ಬಂದದ್ದಕ್ಕೆ ಒಂದು ಚಿಕ್ಕ ಹೆಸರು ಕೊಡಿ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ತಂಡ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವದ ಹೆಸರು ಆರಿಸಲು ಹೇಳಿತ್ತು. ಹೆಸರಿಟ್ಟಾಗ ಹಣೆಯ ಬಲಬದಿಯ ಒಂದು ಭಾಗ ಎದ್ದಿತು. ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ತಣ್ಣಗಾಯಿತು. ಹೆಸರನ್ನು ನಮ್ಮ ಮಾತಿನಲ್ಲೇ ಇಡಿ, ಬಂದ ಹಾಗೆ. "ಚಿಂತೆ ಬಂತು." "ಹಳೇ ಜಗಳ ನೆನಪಾಯ್ತು." "ಕಾಲು ಜೋಮು ಹಿಡೀತು." ಅಷ್ಟು ಹೇಳಿಕೊಂಡು ಮುಂದಿನ ಉಸಿರಿಗೆ ಹೋಗಿ. ಎರಡು ಉಸಿರಾದ ಮೇಲೆ ಮತ್ತೆ ಎಲ್ಲೋ ಹೋಗಿರುತ್ತೀರಿ. ಅದು ಗೊತ್ತಾದಾಗ ಇನ್ನೊಂದು ಬೆರಳು ಮಡಚಿ.